ಗಂಟಿನ ಹಲಗೆ

ಕಲ್ಪಳ್ಳಿ ಸ್ಮಶಾನದ ಗೇಟಿಗೆ ಎದುರು
ಹೂವಿನಂಗಡಿ ಬಿಟ್ಟು ಮೂರನೆಯದು ನಮ್ಮದು:
ಇನ್ನಾಸಪ್ಪ, ಶವಪೆಟ್ಟಿಗೆ, ಇಪ್ಪತ್ನಾಲ್ಕು ಗಂಟೆ.
ಸಾವಿಗೆ ಹೊತ್ತಿಲ್ಲವಲ್ಲ, ಅಪ್ಪನಿಗೂ ಇಲ್ಲ.

ಅಣ್ಣನ ಪೆಟ್ಟಿಗೆಯನ್ನೂ ಅಪ್ಪನೇ ಮಾಡಿದ.
ಹತ್ತೊಂಬತ್ತು ವರ್ಷ, ಐದಡಿ ಒಂಬತ್ತಿಂಚು.
ಅಳತೆ ತೆಗೆಯಲಿಲ್ಲ. ಗೊತ್ತಿತ್ತು.
ಬಾಗಿಲ ಚೌಕಟ್ಟಿನ ಮೇಲೆ ವರ್ಷಕ್ಕೊಂದು ಪೆನ್ಸಿಲ್ ಗೀಟು.

ಹಳೇ ಮದ್ರಾಸ್ ರಸ್ತೆಯಲ್ಲಿ ಗುದ್ದಿದ್ದು ಚೌರಪ್ಪನ ಟೆಂಪೊ.
ಅದನ್ನಾದರೂ ಅಪ್ಪ ನುಂಗಿಕೊಳ್ಳುತ್ತಿದ್ದನೇನೋ.
ಕಟಕಟೆಯಲ್ಲಿ ನಿಂತು, ಕೊರಳಲ್ಲಿ ಜಪಸರ ಹಾಕಿಕೊಂಡೇ
ಅವನೆಂದ: ಹುಡುಗ ಕುಡಿದಿದ್ದ, ಸ್ವಾಮಿ.
ಕಷಾಯಕ್ಕೂ ಮುಖ ಸಿಂಡರಿಸುತ್ತಿದ್ದ ನನ್ನಣ್ಣ.

ಅಂದು ಸಂಜೆ ಅಪ್ಪ ಒಂದು ಹಲಗೆ ಆರಿಸಿದ.
ಮಾವಿನದು, ಸೊಟ್ಟ, ಮೈತುಂಬ ಗಂಟು,
ಸಾಮಿಲ್ಲಿನವರು ಬಿಟ್ಟಿಯಾಗಿ ಎಸೆದದ್ದು.
ಗೋಡೆಗೊರಗಿಸಿ ಅಂದ: ಇದು ಚೌರಪ್ಪನಿಗೆ.
ಉಜ್ಜುವುದಿಲ್ಲ. ಒಳಗೆ ಬಟ್ಟೆ ಹೊಡೆಯುವುದಿಲ್ಲ.
ಸಿಬಿರು ಅವನ ಬೆನ್ನಿಗೆ ಚುಚ್ಚುತ್ತಿರಲಿ
ಕಡೆಯ ತೀರ್ಪಿನ ದಿನದವರೆಗೆ.

ಒಂಬತ್ತು ವರ್ಷ.
ತೇಗ ಬಂತು, ಸಿಲ್ವರ್ ಓಕ್ ಬಂತು, ಎಲ್ಲ ಮಣ್ಣಿಗೆ ಹೋಯಿತು,
ಹಲಗೆ ನಿಂತೇ ಇತ್ತು.
ಗೆದ್ದಲು ಹತ್ತದಿರಲೆಂದು ಪ್ರತಿ ತಪಸ್ಸುಕಾಲದಲ್ಲಿ
ಅದಕ್ಕೆ ಹಳೇ ಎಂಜಿನ್ ಆಯಿಲ್ ಬಳಿಯುತ್ತಿದ್ದ,
ಎಣ್ಣೆಸ್ನಾನ ಮಾಡಿಸುವಷ್ಟು ಅಕ್ಕರೆಯಿಂದ.
ಅಮ್ಮನಿಲ್ಲದ ನನ್ನ ತಲೆಗೆ
ಆ ಒಂಬತ್ತು ವರ್ಷ ಯಾರೂ ಎಣ್ಣೆ ಹಾಕಲಿಲ್ಲ.

ಭಾನುವಾರ, ತಮಿಳು ಪೂಜೆ ಮುಗಿದು ಕನ್ನಡ ಪೂಜೆಗೆ ಗಂಟೆ ಹೊಡೆದಾಗ
ನಾವು ಕಡೇ ಬೆಂಚು.
ಪರಲೋಕ ಮಂತ್ರ ಅರ್ಧಕ್ಕೆ ಬರುತ್ತಲೇ
ಅಪ್ಪನ ತುಟಿ ಕೂಡುತ್ತಿತ್ತು.
ಕ್ಷಮೆಯ ಸಾಲು ದಾಟಿದ ಮೇಲೆ ಮತ್ತೆ ಸೇರಿಕೊಳ್ಳುತ್ತಿದ್ದ,
ರಸ್ತೆಯ ಗುಂಡಿ ಸುತ್ತಿ ಬಂದವನ ಹಾಗೆ.
ಸುಳ್ಳು ಹೇಳಲಾರೆ ಅಷ್ಟೆ, ಅನ್ನುತ್ತಿದ್ದ. ದೇವರಿಗೆ ಗೊತ್ತಾಗತ್ತೆ.

ಹೋದ ಡಿಸೆಂಬರು, ರಾತ್ರಿ ಎರಡೂವರೆ.
ಶಟರ್ ಬಡಿದವನು ಚೌರಪ್ಪ.
ಕೂದಲೆಲ್ಲ ಉದುರಿತ್ತು. ಬೇರೆ ಅಂಗಡಿಗಳು ಮುಚ್ಚಿದ್ದವು.
ಯಾರಿಗೆ?
ಮೊಮ್ಮಗಳು. ಮೂರು ದಿನದ್ದು.
ಉದ್ದ ಎಷ್ಟು?
ಅವನಿಗೆ ಬಾಯಿ ಬರಲಿಲ್ಲ.
ಎರಡು ಅಂಗೈ ಎತ್ತಿ ಗಾಳಿಯಲ್ಲಿ ಹಿಡಿದ,
ಸ್ಟಿಯರಿಂಗ್ ಹಿಡಿದಿದ್ದ ಅವೇ ಕೈ,
ನಡುವೆ ಒಂದು ಮೊಳ ಕತ್ತಲು.
ಅಪ್ಪ ಟೇಪು ಬಿಚ್ಚಿ ಆ ಕತ್ತಲನ್ನು ಅಳೆದ.

ನಾನು ಗೋಡೆಯ ಹಲಗೆ ನೋಡಿದೆ.
ಅಪ್ಪನೂ ನೋಡಿದ.

ಮಚ್ಚು ತಂದು ಅದನ್ನು ಉದ್ದಕ್ಕೆ ಸೀಳಿ ಒಲೆಗಿಟ್ಟ.
ಒಂಬತ್ತು ವರ್ಷ ಎಣ್ಣೆ ಕುಡಿದದ್ದು, ಭಗ್ಗೆಂದಿತು.
ಅದರ ಮೇಲೇ ಟೀ ಕಾಸಿ
ಮೊದಲ ಲೋಟ ಚೌರಪ್ಪನ ಕೈಗಿಟ್ಟ.
ನನ್ನ ಲೋಟದಲ್ಲಿ ಕೆನೆ ಕಟ್ಟಿತು. ಮುಟ್ಟಲಿಲ್ಲ ನಾನು.

ಯಾವುದೋ ಎಸ್ಟೇಟ್ ಮಾಲೀಕನ ಪೆಟ್ಟಿಗೆಯಲ್ಲಿ ಮಿಕ್ಕ ತೇಗ,
ಎಳೇ ಕೆನ್ನೆ ತಾಗಿದರೂ ಗೀರದಷ್ಟು ಉಜ್ಜಿದ.
ಹಿಡಿ, ಎಂದ.
ಚೌರಪ್ಪ ಮೊಳೆ ಹಿಡಿದ, ಎರಡು ಬೆರಳಲ್ಲಿ, ನಡುಗುತ್ತ.
ಮೇಲೆ ಅಪ್ಪನ ಸುತ್ತಿಗೆ.
ಅವನು ಕುಡಿದಿರಲಿಲ್ಲ ಇನ್ನಾಸಪ್ಪ.
ಸುತ್ತಿಗೆ ಗಾಳಿಯಲ್ಲೇ ನಿಂತಿತು.
ರಸ್ತೆಯಲ್ಲೊಂದು ನೀರಿನ ಟ್ಯಾಂಕರ್ ಹಾದುಹೋಗುವವರೆಗೂ ನಿಂತಿತ್ತು.
ಆಮೇಲೆ ಇಳಿಯಿತು, ಮೊಳೆಯ ತಲೆಗೆ ಮಾತ್ರ.
ಗೊತ್ತು, ಎಂದ ಅಪ್ಪ. ಇನ್ನೊಂದು ಹಿಡಿ.

ದುಡ್ಡು ತೆಗೆದುಕೊಳ್ಳಲಿಲ್ಲ. ಅಪ್ಪಿಕೊಳ್ಳಲೂ ಇಲ್ಲ.

ಈಗ ಆ ಸಾಲಿಗೆ ಅಪ್ಪನ ದನಿ ಇದೆ,
ಒರಟು, ಎಲ್ಲರಿಗಿಂತ ಅರ್ಧ ಮಾತ್ರೆ ತಡ,
ತುಕ್ಕು ಹಿಡಿದ ಗರಗಸ ಮರಕ್ಕೆ ತಗುಲಿದಂತೆ.
ಸುಮ್ಮನಾಗುವ ಸರದಿ ನನ್ನದು.
ಹೋದ ವಾರ ಮೊದಲ ಪದ ಹೊರಬಂತು; ಅಷ್ಟೇ.
ಅಪ್ಪ ಏನೂ ಕೇಳುವುದಿಲ್ಲ.
ಶನಿವಾರ ರಾತ್ರಿ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ
ಮರದ ಹುಡಿ ಅಂಟಿದ ಬೆರಳಲ್ಲೇ
ತಲೆಗೆ ಕೊಬ್ಬರಿ ಎಣ್ಣೆ ಹಾಕುತ್ತಾನೆ,
ಒಂದೊಂದೇ ಗಂಟು ಬಿಡಿಸುತ್ತಾನೆ.
ನೋವಾದರೆ ಹೇಳು, ಅನ್ನುತ್ತಾನೆ.
ಆಗತ್ತೆ, ಅನ್ನುತ್ತೇನೆ.