ಖಾಲಿ ಬಿಟ್ಟ ಮನೆ

ದಿನಕ್ಕಿಷ್ಟೆಂದು ಕೂಲಿ ಮಾತಾಡಿ
ನನ್ನನ್ನು ದೋಣಿಗೆ ಹತ್ತಿಸಿಕೊಂಡಿದ್ದರು.
ಅಜ್ಜನ ಮಾತು ಆಚೆಗೆ, ಮೋರ್ವೆನಳ ಮಾತು ಈಚೆಗೆ
ದಾಟಿಸುವುದು ನನ್ನ ಕೆಲಸ.
ಜೊತೆಗೆ ಲಾಂದ್ರ ಹಿಡಿಯಬೇಕು,
ತಳದಲ್ಲಿ ನಿಂತ ನೀರು ಮೊಗೆದು ಚೆಲ್ಲಬೇಕು.

ಅವಳ ಹಾಳೆಯ ತುಂಬ ಗೆರೆ ಎಳೆದ ಮನೆಗಳು.
ಮೀನಿನ ಹೆಸರು. ಎಲ್ಲಿ. ಯಾವಾಗ. ಎಷ್ಟು.
ಹೇಳಿದವರು ಯಾರು ಎಂಬುದಕ್ಕೆ
ಕೊನೆಯಲ್ಲೊಂದು ಕಿರುಮನೆ,
ಬೆನಾಯ ಎಂದು ಬರೆದರೆ
ಯಕಾರ ಹೊರಗೆ ಬೀಳುವಷ್ಟು.

ಹಣೆಯುಬ್ಬಿದ ಆ ಹಸಿರು ಗಿಳಿಮೀನು,
ಅದಕ್ಕೇನನ್ನುತ್ತೀರಿ?
ಅಜ್ಜ ಮೂರು ಹೆಸರು ಹೇಳಿದ.
ಗೇಣುದ್ದದ್ದು ಲೆಂಡೆಕೆ,
ಮೊಳದಷ್ಟಾದರೆ ಕಿಟಾಕಿಟಾ,
ಒಬ್ಬನ ಹೆಗಲಿಗೆ ಒಗ್ಗದೆ ಇಬ್ಬರು ಹೊರುವುದು ಟೋಪಾ.
ಅವಳು ಪೆನ್ಸಿಲು ಕಚ್ಚಿದಳು: ಮೂರೂ ಒಂದೇ ಅಲ್ಲವೆ?
'ಎಳನೀರು, ಕಾಯಿ, ಕೊಬ್ಬರಿ ಒಂದೇ ಏನು?
ಕೊಬ್ಬರಿ ಕೊಳ್ಳುವವನ ತಕ್ಕಡಿಗೆ
ಎಳನೀರಿಟ್ಟು ದುಡ್ಡು ಕೇಳಿ ನೋಡಲಿ!'
ನಾನಿದನ್ನು ದಾಟಿಸಿ ಮುಗಿಸುವ ಮೊದಲೇ
ಅವಳು ನಕ್ಕು, ಒಂದು ಸಾಲನ್ನು ಸೀಳಿ ಮೂರು ಮಾಡಿದಳು.

ಮುಂದಿನ ಮನೆ. ಅಮಾವಾಸ್ಯೆಯ ರಾತ್ರಿ
ಅವು ಎಲ್ಲಿ ಮಲಗುತ್ತವೆ?
ಅಜ್ಜ ಹುಟ್ಟನ್ನು ನೀರಿಂದೆತ್ತಿ
ತೆಂಕಣ ತುದಿಯ ದಿಬ್ಬ ತೋರಿಸಿದ.
ಅಲ್ಲಿ ಮಲಗುವುದು ಮರಳು ಮಾತ್ರ.
ನನಗೆ ಗೊತ್ತು, ಈಜು ಕಲಿತದ್ದೇ ಅಲ್ಲಿ.
ಅಜ್ಜ ನನ್ನ ಕಡೆ ನೋಡಲಿಲ್ಲ.
ಆ ಸುಳ್ಳನ್ನು ನಾನು
ಒಂದಕ್ಷರ ತಪ್ಪಿಲ್ಲದೆ ಅನುವಾದಿಸಿದೆ.

ಹಿಂದೊಬ್ಬ ಬಂದಿದ್ದನಂತೆ, ನಾನು ಹುಟ್ಟುವ ಮುಂಚೆ.
ಕೇಳಿದ, ನಕ್ಷೆ ಬರೆದ, ಕೈ ಕುಲುಕಿ ಹೋದ.
ಮರುವರ್ಷ ಬಂದದ್ದು ಅವನಲ್ಲ,
ಐಸುಪೆಟ್ಟಿಗೆ ಹೊತ್ತ ದೊಡ್ಡ ದೋಣಿ,
ನೀರೊಳಗೂ ಉರಿಯುವ ಟಾರ್ಚುಗಳು.
ಮಲಗಿದ ಮೀನನ್ನು ಕೊಲ್ಲಲು
ಕಸುಬು ಬೇಕಿಲ್ಲ, ವಿಳಾಸ ಸಾಕು.

ಮೋರ್ವೆನ್ ಮಾತ್ರ ಮರಳಿ ಬಂದಳು.
ಬರೆದುಕೊಂಡದ್ದನ್ನೆಲ್ಲ ನಮ್ಮ ಮಾತಿಗೆ ತಂದು
ಶಾಲೆಯ ಮೆಟ್ಟಿಲ ಮೇಲೆ ಕೂತು ಓದಿದಳು,
ಮಕ್ಕಳು ಕಾಗುಣಿತ ತಿದ್ದಿದರು.
'ತೆಂಕಣ ದಿಬ್ಬದಲ್ಲಿ ಹನ್ನೊಂದು ರಾತ್ರಿ ಕಾದೆ.
ಒಂದೂ ಇಲ್ಲ. ಸೊನ್ನೆ ಎಂದೇ ಬರೆದಿದ್ದೇನೆ.
ನಿಮ್ಮ ಮಾತು ತಪ್ಪೆಂದು ಬರೆದಿಲ್ಲ.
ನಾನು ಕೇಳಿದ್ದೇ ಸರಿಯಿಲ್ಲವೇನೋ.'

ಅಜ್ಜ ಸುಣ್ಣದ ಬುರುಡೆ ಅಲುಗಿಸುತ್ತ
ಬಹಳ ಹೊತ್ತು ಕೂತ.
ಸುಳ್ಳು ಹೇಳಿದ್ದೆ, ಅಂದ.
ಆ ಎರಡು ಮಾತು ದಾಟಿಸಲು ನನ್ನ ಗಂಟಲೊಣಗಿತು,
ನನ್ನದೂ ಪಾಲಿತ್ತಲ್ಲ.

ಆ ಅಮಾವಾಸ್ಯೆಗೆ ಮೋಟಾರಿಲ್ಲದೆ ಹೋದೆವು.
ಎಲ್ಲಿಗೆ ಎಂದು ಇಲ್ಲಿಯೂ ಹೇಳೆನು.
ಸೊಂಟದಾಳದ ನೀರಲ್ಲಿ, ಬಂಡೆಗೆ ಬಂಡೆ ಒರಗಿದಂತೆ,
ನೂರಕ್ಕೂ ಮಿಕ್ಕಿ ನಿದ್ದೆ.
ಹಗಲೆಲ್ಲ ಹವಳ ಕಡಿದು ನುಂಗಿ
ಮರಳು ಹೇತು ದಣಿದ ಹಲ್ಲುಗಳು ಅರೆತೆರೆದಿದ್ದವು.
ಅವಳು ಜಾಗ ಗುರುತಿಸುವ ಯಂತ್ರವನ್ನು
ಚೀಲದಿಂದ ತೆಗೆಯಲಿಲ್ಲ.
ಬೆರಳ ಗೆಣ್ಣು ಮುಟ್ಟಿ ಮುಟ್ಟಿ ಎಣಿಸಿದಳು.
ಅಜ್ಜ ನನ್ನ ಕಿವಿಯಲ್ಲಿ: 'ನನ್ನ ಸುಳ್ಳೂ ಪೂರಾ ಸುಳ್ಳಲ್ಲ, ಹೇಳು.
ತೆಂಕಣ ದಿಬ್ಬದ ಆ ಮರಳೆಲ್ಲ ಇವುಗಳದ್ದೇ.'

ಕತ್ತಲ ರಾತ್ರಿ ಆ ಕಡೆ ಈಟಿ ಒಯ್ಯಬಾರದೆಂದು
ಚರ್ಚಿನಲ್ಲಿ ಊರು ಕೂಡಿ ತೀರ್ಮಾನಿಸಿತು.
ಜಗಳವಾಯಿತು, ನನ್ನ ಸೋದರಮಾವ
ಇನ್ನೂ ಮಾತು ಬಿಟ್ಟಿದ್ದಾನೆ.

ಕೊನೆಗೆ ಅಚ್ಚಾದ ಪುಸ್ತಕ ಬಂತು.
ಬೆನಾಯ, ಮುಖಪುಟದಲ್ಲಿ, ಯಕಾರ ಸಮೇತ.
ಎಣಿಕೆಯಿದೆ, ತಿಥಿಯಿದೆ, ಮೂರು ಹೆಸರೂ ಇವೆ.
'ಎಲ್ಲಿ' ಎಂಬುದರ ಕೆಳಗೆ ಮಾತ್ರ ಬಿಳಿ,
ಅಡಿಯಲ್ಲೊಂದು ಟಿಪ್ಪಣಿ:
ಬಲ್ಲವರು ಇದನ್ನು ತಮ್ಮಲ್ಲೇ ಇರಿಸಿಕೊಂಡಿದ್ದಾರೆ.
ಸ್ಥಳವಿಲ್ಲದ ಲೆಕ್ಕ ಎಂಥ ಲೆಕ್ಕವೆಂದು
ಅವಳ ಮೇಲಿನವರು ಗದರಿದರಂತೆ.

ಇಂಗ್ಲಿಷು ಬಾರದ ಅಜ್ಜ
ಆ ಖಾಲಿ ಮನೆಯ ಮೇಲೆ
ಸುಣ್ಣ ಮೆತ್ತಿದ ಹೆಬ್ಬೆರಳಿಟ್ಟು ಅಳೆದ:
'ಚಿಕ್ಕದಾಯಿತು.
ಟೋಪಾ ಮಲಗಿದರೆ ಬಾಲ ಹೊರಗಿರುತ್ತೆ.'