ಒಂಬತ್ತನೆಯವನು

ಸುಹೈಲನ ಎಡಗೈ ನನಗೆ ಗೊತ್ತು.
ಸಾಲಗಾಮೆ ರಸ್ತೆಯ ಗ್ಯಾರೇಜಿನ ಹಿಂದೆ
ನಾನು ಹಿಡಿದ ಲಾರಿ ಟಯರಿಗೆ
ಗುದ್ದಿ ಗುದ್ದಿ ಗಟ್ಟಿಯಾದದ್ದು.

ಚಾನೆಲ್‌ನವರು ಈಗ ಅದಕ್ಕೆ
‘ಹಾಸನದ ಸಿಡಿಲು’ ಅಂತ ಹೆಸರಿಟ್ಟಿದ್ದಾರೆ.
ಅವನಮ್ಮನನ್ನು ಮೂರು ಸಲ ಅಳಿಸಿದರಂತೆ,
ಬೆಳಕು ಸಾಲಲಿಲ್ಲವೆಂದು.

ಎಂಟು ಮಂದಿಯನ್ನು ಆರಿಸಿ ತಂದರು,
ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವ ಹಾಗೆ:
ಮೆತ್ತಗಿದ್ದವರನ್ನೇ.
ಎಲ್ಲರೂ ಬಿದ್ದರು. ಊರು ಪುಕ್ಕಟೆ ನೋಡಿತು.

ಒಂಬತ್ತನೆಯವನು ನಾನು.
ಸೋಲು ಅಂತ ಯಾರೂ ಹೇಳಲಿಲ್ಲ.
ಮೂವತ್ತೆಂಟಲ್ವಾ ನಿಮಗೆ, ಅಂದರು,
ನಕ್ಕರು,
ಮುಂಗಡ ಎಣಿಸಿದರು.

ಅದಾದ ಮೇಲೆ ಅವನನ್ನು ನೋಡಬೇಕೆಂದರೆ
ಟಿವಿಗೆ ಇನ್ನೂರು ರೂಪಾಯಿ ಕಟ್ಟಬೇಕು.
ನನ್ನ ಮಗಳು ಈಗಲೇ ಕೂಡಿಡುತ್ತಿದ್ದಾಳೆ.

ಆ ಎಡಗೈ ಬೀಸುವಾಗ
ಪಕ್ಕೆ ತೆರೆದುಕೊಳ್ಳುತ್ತದೆ,
ಹುಡುಗನಾಗಿದ್ದಾಗಿನ ಚಾಳಿ.
ತಿದ್ದುವುದು ಬಾಕಿ ಇದೆ.