ಬಿಟ್ಟ ಕಾರಣ

ಹೊಸೂರು, ಬಾಗಲೂರು ರಸ್ತೆ, ಪಂಚರ್ ಅಂಗಡಿಯ ಮೇಲಿನ ಮಹಡಿ.
ಏಣಿಯಂಥ ಮೆಟ್ಟಿಲು. ಬೋರ್ಡಿನಲ್ಲಿ ಮೂರು ಭಾಷೆ,
ಮೂರರಲ್ಲೂ 'ಮಾನವ ಸಂಪನ್ಮೂಲ' ಎಂದಿದೆ.
ಹತ್ತಿ ಬರುವವರು ಓದಿಕೊಳ್ಳುವುದು ಬೇರೆ:
ಆಳು ಬೇಕಾಗಿದ್ದಾರೆ.

ನಾನು ಹತ್ತಿ ಬಂದು ಆರು ವರ್ಷ.

ಬೆಳಿಗ್ಗೆ ಎಂಟಕ್ಕೇ ಫ್ಯಾಕ್ಟರಿಯಿಂದ ದಂಡಪಾಣಿ ಸಾರ್ ಫೋನು:
"ರಾತ್ರಿ ಪಾಳಿಗೆ ನಲವತ್ತು ತಲೆ. ಹೆಂಗಸರಾದ್ರೆ ಒಳ್ಳೇದು,
ಬೆರಳು ಸಣ್ಣ."
ನಲವತ್ತು ಎನ್ನುವುದು ನನಗೀಗ ಒಂದು ತೂಕ,
ಸೊಪ್ಪಿನವಳು ಕಟ್ಟನ್ನು ಕೈಯಲ್ಲೆತ್ತಿ ಹೇಳುವ ಹಾಗೆ ಹೇಳಬಲ್ಲೆ.
ತಳಿಯಿಂದ ಹದಿನೈದು, ಅಂಚೆಟ್ಟಿಯಿಂದ ಹತ್ತು,
ಮಿಕ್ಕ ಇಪ್ಪತ್ತು ಸ್ಟೇಷನ್ನಿನ ಹಿಂದೆ
ಒಡಿಶಾದ ಹುಡುಗಿಯರು ಮಲಗುವ ಶೀಟಿನ ಕೋಣೆಗಳಿಂದ.
ಐವರು ಹೆಚ್ಚಿಗೆ.
ಐವರು ಬರುವುದಿಲ್ಲ. ಯಾರೆಂದು ಗೊತ್ತಿಲ್ಲ,
ಐವರೆಂದು ಗೊತ್ತು.

ಗೌರಮ್ಮ ಬೆಂಚಿನ ತುದಿಗೆ ಕೂತಿದ್ದಾಳೆ.
ತಮಿಳಿನಲ್ಲಿ ಕಕಾರಕ್ಕೂ ಗಕಾರಕ್ಕೂ ಒಂದೇ ಅಕ್ಷರ,
ಹಾಗಾಗಿ ನನ್ನ ಕಂಪ್ಯೂಟರಿನಲ್ಲಿ ಅವಳು ಕೌರಮ್ಮ.
ಪಾಸ್‌ಬುಕ್ಕಿನಲ್ಲಿ ಗವರಮ್ಮ. ಮಗಳ ಟಿಸಿಯಲ್ಲಿ ಗೌರಿ.
"ಈ ಮೂವರಲ್ಲಿ ಸಂಬಳ ಯಾರಿಗೆ ಬೀಳ್ತದಕ್ಕಾ?"
ನಗದೆ ಕೇಳುತ್ತಾಳೆ.
ವಯಸ್ಸು ನಲವತ್ತೊಂದು. ಅವರಿಗೆ ಬೇಕಾದ್ದು ಮೂವತ್ತೈದರೊಳಗೆ.
"ಪ್ಯಾಕಿಂಗಿಗೆ ನೋಡ್ತೀನಿ, ಕೂತಿರು" ಎಂದೆ.
ಪ್ಯಾಕಿಂಗಿನಲ್ಲಿ ದಿನಕ್ಕೆ ಎಪ್ಪತ್ತು ರೂಪಾಯಿ ಕಮ್ಮಿ,
ಅದನ್ನು ಆಮೇಲೆ ಹೇಳುತ್ತೇನೆ.
ಆಮೇಲೆ ಎನ್ನುವುದನ್ನು ಈ ಕುರ್ಚಿ ಕಲಿಸಿತು.

ತಿಂಗಳ ಕೊನೆಗೆ ಇನ್ನೊಂದು ಪಟ್ಟಿ, ಬಿಟ್ಟವರದು.
ಹೆಸರಿನೆದುರು ಕಾರಣ ಒತ್ತಬೇಕು, ಇರುವುದು ನಾಲ್ಕೇ:
ಉತ್ತಮ ಅವಕಾಶ, ಆರೋಗ್ಯ, ಮದುವೆ, ಇತರೆ.

ಚೂಡಮ್ಮ, ಬಿಳಿ ಕೋಣೆಗೆ ಹೂ ಬೇಡವೆಂದರು, ತೆಗೆದಳು,
ಬಳೆ ಬೇಡವೆಂದರು, ತೆಗೆದಳು,
ಮೂಗುಬೊಟ್ಟು ಸೋಪು ಹಚ್ಚಿದರೂ ಬರಲಿಲ್ಲ. ಇತರೆ.
ಬಿಸ್ವನಾಥನಿಗೆ ಇಲ್ಲಿಯ ಸಾಂಬಾರಿನ ಹುಳಿ ಆಗಲಿಲ್ಲ,
ಎಂಬತ್ತೆಂಟನೇ ದಿನ ಹೊರಟ.
ಇನ್ನೆರಡು ದಿನ ನಿಂತಿದ್ದರೆ ಅವನ ತಲೆಯ ದುಡ್ಡು
ನಮಗೆ ಬರುತ್ತಿತ್ತು. ಇತರೆ.
ಜವಳಗಿರಿಯ ಮುನಿಕೃಷ್ಣ. ವ್ಯಾನು ಬರುವುದು ನಸುಕಿನ ನಾಲ್ಕೂಕಾಲಿಗೆ,
ರಾಗಿ ತೆನೆ ಕಟ್ಟಿದ ಮೇಲೆ ಅದೇ ಹೊತ್ತಿಗೆ
ಕೆರೆ ಏರಿಯ ಮೇಲೆ ಆನೆಯೂ ಬರುತ್ತದೆ.
"ಆನೆ ಅಂತ ಹಾಕ್ಬೇಡಮ್ಮಾ, ಆಡಿಟ್‌ನೋರು ನಗ್ತಾರೆ."
ಆರೋಗ್ಯ ಎಂದು ಒತ್ತಿದೆ. ಪೂರ್ತಿ ಸುಳ್ಳೇನಲ್ಲ.

ಪಾಪಣ್ಣನದು ಮಾತ್ರ ತುಂಬಿಯೇ ಬಂದಿತ್ತು, ಫ್ಯಾಕ್ಟರಿಯಿಂದ.
ಪ್ರೆಸ್ಸಿನಲ್ಲಿ ಎರಡು ಬೆರಳು ಬಿಟ್ಟು ಬಂದ ಪಾಪಣ್ಣ.
ಕಾರಣ: ಉತ್ತಮ ಅವಕಾಶ.

ನಾನು ಒತ್ತಲಿಲ್ಲ.
ತಿದ್ದಲೂ ಇಲ್ಲ.

ಪಿಎಫ್ ಕೇಳಲು ಬಂದಾಗ ಟವೆಲಿನಲ್ಲಿ ಅವರೆಕಾಯಿ ತಂದಿದ್ದ,
ನನಗೆಂದೇ, ಅವರದೇ ಹೊಲದ್ದು, ಸೊಗಡು ಕೋಣೆಗೆಲ್ಲ ಹರಡಿತು.
ಯಂತ್ರದ ಮುಂದೆ ಕೈ ಚಾಚಿ ನಿಂತು,
"ಹೆಬ್ಬೆಟ್ಟು ಐತಲ್ಲಕ್ಕಾ, ಇದಕ್ಕೆ ಅಷ್ಟು ಸಾಕಲ್ವಾ?"
ಸಾಕು ಪಾಪಣ್ಣ.
ಹಸಿರು ದೀಪ ಬಂತು.

ಸಂಜೆ ವ್ಯಾನಿನ ಬಾಗಿಲಲ್ಲಿ ಎಣಿಸುತ್ತೇನೆ.
ಐವರಲ್ಲ, ಇವತ್ತು ಆರು ಜನ ಇಲ್ಲ. ಮೂವತ್ತೊಂಬತ್ತು.
ಡ್ರೈವರು ಹಾರ್ನ್ ಒತ್ತುತ್ತಾನೆ. ದಂಡಪಾಣಿ ಸಾರ್ ಫೋನಿನಲ್ಲಿ.
ಮೇಲೆ ಬೆಂಚಿನಲ್ಲಿ ಇನ್ನೂ ಕೂತಿರುವವಳನ್ನು ಕೂಗಿದೆ.
ಅವಳು ಊಟದ ಡಬ್ಬಿ ಎದೆಗವಚಿಕೊಂಡು ಇಳಿದು ಬಂದಳು.
ವಯಸ್ಸು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ವ್ಯಾನು ಹೊರಟ ಮೇಲೆ ಕಿಟಕಿಯಿಂದ ತಲೆ ಹಾಕಿ,
"ಅಕ್ಕಾ, ಅಲ್ಲಿ ಯಾವ ಹೆಸರು ಕೂಗಿದ್ರೆ ಓ ಅನ್ನಲಿ?"

ಕೌರಮ್ಮ ಎಂದು ಕಿರುಚಿದೆ.
ಪಂಚರ್ ಅಂಗಡಿಯ ಹುಡುಗ ನನ್ನನ್ನೇ ನೋಡುತ್ತಿದ್ದ.